ಪು.ತಿ.ನ. ಹುಟ್ಟುಹಬ್ಬಕ್ಕೆ ಮೇಲುಕೋಟೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಶುರುವಾಯಿತೆಂದರೆ ನಮ್ಮ ಓದುಗರ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೋದ ವರ್ಷ ಕೇಳಿದ ಪ್ರಶ್ನೆಗಳೇ ಮತ್ತೆ ಬರುತ್ತವೆ. ಮಂಡ್ಯ, ಪಾಂಡವಪುರ, ಮೈಸೂರು ಕಡೆಯ ಕೆಲವರು ಸೇರಿ ಕವಿ ಪು.ತಿ.ನ. ಅವರ ಹುಟ್ಟುಹಬ್ಬಕ್ಕೆ ಮೇಲುಕೋಟೆಗೆ ಹೋಗಿ, ಈಗ ಸ್ಮಾರಕವಾಗಿರುವ ಅವರ ಮನೆ ನೋಡಿ, ಅವರ ಪದ್ಯ ಓದಿ ಬರುವ ರೂಢಿ ಇಟ್ಟುಕೊಂಡಿದ್ದೇವೆ. ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಬ್ಯಾನರೂ ಇಲ್ಲ. ಇದನ್ನು ಇಲಾಖೆಯದ್ದೋ ಟ್ರಸ್ಟಿನದ್ದೋ ಪ್ರಕಟಣೆ ಅಂದುಕೊಳ್ಳಬೇಡಿ. ಜೊತೆಗೆ ಬರುವವರಿಗೆ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟದ್ದು, ಅಷ್ಟೇ.

ಹುಟ್ಟುಹಬ್ಬ ಯಾವತ್ತು? ತಾರೀಖಿಗೋ ತಿಥಿಗೋ?

ಪು.ತಿ.ನ. ಹುಟ್ಟಿದ್ದು 1905ರ ಮಾರ್ಚ್ 17ರಂದು, ಮೇಲುಕೋಟೆಯಲ್ಲಿ. ನಾವು ತಾರೀಖನ್ನೇ ಹಿಡಿದಿದ್ದೇವೆ. ಪಂಚಾಂಗದ ಊರಿನಲ್ಲಿ, ಅದೂ ಪುರೋಹಿತರ ಮನೆಯಲ್ಲಿ ಹುಟ್ಟಿದವರಿಗೆ ಇಂಗ್ಲಿಷ್ ತಾರೀಖು ಯಾಕೆ ಎಂದು ಊರಿನ ಹಿರಿಯರೊಬ್ಬರು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ತಿಥಿ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ, ರಜೆ ಹಾಕುವವರಿಗೆ, ಬಸ್ಸು ಹಿಡಿಯುವವರಿಗೆ ತಾರೀಖೇ ಸಲೀಸು. ಮನೆಯಲ್ಲಿ ತಿಥಿ ಪ್ರಕಾರ ಆಚರಿಸುವವರು ಆಚರಿಸಲಿ, ಅದಕ್ಕೂ ಇದಕ್ಕೂ ಜಗಳವಿಲ್ಲ. 17ನೇ ತಾರೀಖು ವಾರದ ನಡುವೆ ಬಂದರೆ ನಾಲ್ಕು ಜನವಾದರೂ ಅವತ್ತೇ ಹೋಗುತ್ತೇವೆ, ಉಳಿದವರು ಮುಂದಿನ ಭಾನುವಾರ ಬರುತ್ತಾರೆ.

ಅವರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಶಾಲೆಯಲ್ಲಿ ಒಂದು ಪದ್ಯ ಓದಿದ ನೆನಪು. ಬರಬಹುದಾ?

ಬನ್ನಿ. ಬರುವವರಲ್ಲಿ ಅರ್ಧ ಜನ ಹೀಗೇ ಶುರುಮಾಡಿದವರು.

ಅವಸರಕ್ಕೆ ಇಷ್ಟು ಸಾಕು: ಪುರೋಹಿತ ತಿರುನಾರಾಯಣ ಅಯ್ಯಂಗಾರ್ ನರಸಿಂಹಾಚಾರ್ ಎನ್ನುವುದು ಪೂರ್ತಿ ಹೆಸರು. ತಿರುನಾರಾಯಣ ಎಂದರೆ ಕೆಳಗೆ ಊರೊಳಗಿರುವ ದೇವರು, ನರಸಿಂಹ ಎಂದರೆ ಮೇಲೆ ಬೆಟ್ಟದ ಮೇಲಿರುವ ದೇವರು. ಅಪ್ಪನ ಹೆಸರು, ಮಗನ ಹೆಸರು ಸೇರಿದರೆ ಮೇಲುಕೋಟೆಯ ನಕ್ಷೆಯೇ ಆಯಿತು. ಮನೆಮಾತು ತಮಿಳು, ಬರೆದದ್ದು ಕನ್ನಡದಲ್ಲಿ. ಓದಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಹೊಟ್ಟೆಪಾಡಿಗೆ ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ ನೌಕರಿ. ಹೌದು, ಸೇನೆಯ ಕಡತಗಳ ನಡುವೆ ಕೂತೇ ಕೃಷ್ಣನ ಕೊಳಲಿನ ಮೇಲೆ ಗೀತನಾಟಕ ಬರೆದ ಮನುಷ್ಯ. 1933ರಲ್ಲಿ ‘ಹಣತೆ’ ಎಂಬ ಮೊದಲ ಸಂಕಲನ ಬಂತು. ಕುವೆಂಪು, ಬೇಂದ್ರೆಯವರ ಜೊತೆ ನವೋದಯದ ಮೊದಲ ಸಾಲಿನಲ್ಲಿ ಹೇಳುವ ಹೆಸರು. 1966ರಲ್ಲಿ ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1981ರಲ್ಲಿ ಚಿಕ್ಕಮಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ‘ಶ್ರೀಹರಿಚರಿತೆ’ ಮಹಾಕಾವ್ಯಕ್ಕೆ ಪಂಪ ಪ್ರಶಸ್ತಿ, 1991ರಲ್ಲಿ ಪದ್ಮಶ್ರೀ. ತೀರಿಕೊಂಡದ್ದು 1998ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನಲ್ಲಿ.

ಪ್ರಶಸ್ತಿಗಳ ಪಟ್ಟಿಯನ್ನು ಮನೆಯ ಮುಂದೆ ನಿಂತು ಯಾರೂ ಓದಬೇಕಾಗಿಲ್ಲ. ಅದನ್ನು ಕೇಳಲು ಅಷ್ಟು ದೂರ ಬರಬೇಕಾಗಿಲ್ಲ.

ಮನೆ ನೋಡಿಕೊಂಡು ಹೊರಡುವುದಕ್ಕೆ ಎಷ್ಟು ಹೊತ್ತು ಬೇಕು?

ಬರೀ ನೋಡುವುದಾದರೆ ಸ್ವಲ್ಪ ಹೊತ್ತು ಸಾಕು. ಅರಮನೆ ನೋಡಿದ ಕಣ್ಣಿನಲ್ಲಿ ಬಂದರೆ ‘ಇಷ್ಟೇನಾ?’ ಅನ್ನಿಸುತ್ತದೆ. ಕವಿಗಳ ಮನೆಗಳೆಲ್ಲ ಹಾಗೇ. ಮೇಲುಕೋಟೆಯ ಹಳೇ ಮನೆಗಳನ್ನು ಗಮನಿಸಿ: ಬೀದಿಗೆ ತಾಗಿದ ಜಗಲಿ, ಮರದ ಕಂಬ, ತಗ್ಗಿ ಒಳಹೋಗುವ ಬಾಗಿಲು, ಒಳಗೆ ಪಡಸಾಲೆ, ಮೇಲೆ ನಾಡಹೆಂಚು. ಎಡಬಲದ ಮನೆಗಳಿಗೂ ಇದಕ್ಕೂ ನಡುವೆ ಒಂದೇ ಗೋಡೆ. ಇಲ್ಲಿ ಹುಟ್ಟಿದ ಹುಡುಗನಿಗೆ ಪಕ್ಕದ ಮನೆಯ ಪಾರಾಯಣ, ಬೀದಿಯ ಉತ್ಸವದ ನಾಗಸ್ವರ, ಬೆಟ್ಟದ ಗಂಟೆ ಎಲ್ಲವೂ ಮಲಗಿದ ಕಡೆಗೇ ಬಂದು ಬೀಳುತ್ತಿದ್ದವು. ಅವರ ಪದ್ಯದಲ್ಲಿ ಸಂಗೀತ ಎಲ್ಲಿಂದ ಬಂತು ಎಂದು ಆಶ್ಚರ್ಯಪಡುವವರು ಬೆಳಗಿನ ಹೊತ್ತು ಇಂಥ ಜಗಲಿಯ ಮೇಲೆ ಸುಮ್ಮನೆ ಕೂತರೆ ಉತ್ತರದ ಒಂದು ಭಾಗವಾದರೂ ಸಿಗುತ್ತದೆ.

ಹಾಗಾಗಿ ನಮ್ಮ ಸಲಹೆ: ಮನೆಗೆ ಸ್ವಲ್ಪ, ಊರಿಗೆ ಇಡೀ ದಿನ. ಅವರು ಬರೆದದ್ದರಲ್ಲಿ ಬರುವ ಬೆಟ್ಟ, ಕೊಳ, ಗುಡಿ, ಬಂಡೆ, ಬಿಸಿಲು ಎಲ್ಲ ಗೋಡೆಯ ಹೊರಗಿವೆ.

ಕಾರ್ಯಕ್ರಮ ಏನಿರುತ್ತೆ ಸಾರ್? ಉದ್ಘಾಟನೆ ಯಾರಿಂದ?

ಉದ್ಘಾಟನೆ ಇಲ್ಲ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮನೆ ನೋಡುತ್ತೇವೆ. ಮನೆ ನೋಡಿಕೊಳ್ಳುವವರ ಅನುಮತಿ ಇದ್ದಷ್ಟು ಹೊತ್ತು, ಅವರು ಹೇಳಿದ ಜಾಗದಲ್ಲಿ ಕೂತು ಒಂದೆರಡು ಪದ್ಯ ಓದುತ್ತೇವೆ. ಆಮೇಲೆ ಕಲ್ಯಾಣಿ, ಅಲ್ಲಿಂದ ಶಕ್ತಿ ಇದ್ದವರು ಬೆಟ್ಟ, ಮಧ್ಯಾಹ್ನ ಊಟ, ಬಿಸಿಲು ತಗ್ಗಿದ ಮೇಲೆ ರಾಯಗೋಪುರ ಇಲ್ಲವೇ ಅಕ್ಕತಂಗಿ ಕೊಳ. ಎಲ್ಲಿ ನೆರಳಿದೆಯೋ ಅಲ್ಲಿ ಪುಸ್ತಕ ತೆರೆಯುತ್ತೇವೆ.

ಭಾಷಣಕ್ಕೆ ಮಾತ್ರ ಜಾಗವಿಲ್ಲ. ಇದರ ಬಗ್ಗೆ ನಮ್ಮೊಳಗೇ ಚರ್ಚೆ ನಡೆದಿದೆ, ಒಂದಿಬ್ಬರು ಮುನಿಸಿಕೊಂಡದ್ದೂ ಇದೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಕವಿಯ ಜನ್ಮದಿನದ ಸಭೆಗಳಲ್ಲಿ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಮೈಸೂರು ಪೇಟ, ವಂದನಾರ್ಪಣೆ ಎಲ್ಲ ಸಾಂಗವಾಗಿ ಆಗುತ್ತವೆ. ಕವಿಯ ಸಾಲು ಮಾತ್ರ ಒಂದೋ ಎರಡೋ, ಅದೂ ನಿರೂಪಕರ ಬಾಯಲ್ಲಿ, ಮುಂದಿನ ಅತಿಥಿಯನ್ನು ಕರೆಯುವ ಸೇತುವೆಯಾಗಿ. ವರ್ಷದಲ್ಲಿ ಒಂದು ದಿನವಾದರೂ ಅದು ತಿರುಗುಮುರುಗಾಗಲಿ ಎಂದು ನಾವು ಹೊರಟದ್ದು. ವಿದ್ವಾಂಸರು ಬಂದರೆ ಖಂಡಿತ ಕೇಳುತ್ತೇವೆ, ಆದರೆ ಓದಿದ ಪದ್ಯದ ಮೇಲೆ ಮಾತಾಡಬೇಕು, ಓದುವುದಕ್ಕೂ ಮುಂಚೆ ಅಲ್ಲ.

ದೀಪ ಹಚ್ಚದೆ, ಹೂವಿನ ಹಾರ ಹಾಕದೆ ಅದೆಂಥ ಹುಟ್ಟುಹಬ್ಬ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ನಮಗೆ ದೀಪದ ಮೇಲೆ ದ್ವೇಷವಿಲ್ಲ. ಮೊದಲ ಸಂಕಲನಕ್ಕೆ ‘ಹಣತೆ’ ಎಂದು ಹೆಸರಿಟ್ಟ ಕವಿಯ ಮನೆಯಲ್ಲಿ ದೀಪ ಬೇಡ ಅನ್ನುವುದು ವಿಚಿತ್ರವಾಗಿ ಕೇಳಿಸುತ್ತದೆ ಎಂಬುದೂ ಗೊತ್ತು. ಆದರೆ ಸ್ಮಾರಕವಾದ ಮನೆಯ ಕಷ್ಟವೇ ಬೇರೆ.

ಎಣ್ಣೆ ದೀಪ ಉರಿದಷ್ಟು ಹೊತ್ತೂ ಸಣ್ಣ ಮಸಿ ಏಳುತ್ತದೆ. ಅದು ತೊಲೆ, ಗೋಡೆ, ಚಿತ್ರದ ಚೌಕಟ್ಟು, ಪುಸ್ತಕದ ಅಂಚು ಎಲ್ಲದರ ಮೇಲೂ ಕೂರುತ್ತದೆ. ಎಣ್ಣೆಯ ಪಸೆ ಇರುವುದರಿಂದ ಬರೀ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ವಾಸದ ಮನೆಯಲ್ಲಾದರೆ ವರ್ಷಕ್ಕೊಮ್ಮೆ ಸುಣ್ಣ ಬಳಿದು ಹೊಸದು ಮಾಡುತ್ತಿದ್ದರು. ಇಲ್ಲಿ ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು. ಮೇಲೆ ಮರದ ತೊಲೆ, ಕೆಳಗೆ ಕಾಗದ, ಸುತ್ತ ಜನ, ನಡುವೆ ಬೆಂಕಿ. ಯಾರೂ ಬೇಕೆಂದು ಮಾಡುವುದಿಲ್ಲ, ಸೆರಗು ತಾಗಿದರೆ ಸಾಕು.

ಹೂವಿನ ಕಥೆಯೂ ಅಷ್ಟೇ. ನೀರು ಚಿಮುಕಿಸಿದ ಹಾರವನ್ನು ಹಳೇ ಫೋಟೋಗೆ ಹಾಕಿದರೆ ಆ ತೇವ ಚೌಕಟ್ಟಿನ ಮೂಲೆಯಿಂದ ಒಳಗೆ ಇಳಿಯುತ್ತದೆ, ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಹಾರ ನೇತುಹಾಕಲು ಮೊಳೆ ಹೊಡೆದರೆ ಸುಣ್ಣದ ಗಾರೆ ಅಂಗೈಯಗಲ ಉದುರುತ್ತದೆ. ಉದುರಿದ ಜಾಗಕ್ಕೆ ಯಾರೋ ಉತ್ಸಾಹಿಗಳು ಸಿಮೆಂಟ್ ಮೆತ್ತುತ್ತಾರೆ. ಅಲ್ಲಿಂದ ಮುಂದಿನ ರೋಗ. ಸುಣ್ಣದ ಗೋಡೆ ನೆಲದಿಂದ ಏರಿದ ತೇವವನ್ನು ಮೈಯಿಂದ ಹೊರಗೆ ಬಿಡುತ್ತಾ ಇರುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ತಡೆದ ತೇವ ಪಕ್ಕಕ್ಕೆ ಹೋಗಿ, ಮೊದಲು ಗಟ್ಟಿಯಾಗಿದ್ದ ಗಾರೆಯನ್ನೂ ಸಡಿಲ ಮಾಡುತ್ತದೆ, ಗೋಡೆಯ ಮೇಲೆ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಕಾಣಿಸಿಕೊಳ್ಳುತ್ತದೆ. ಒಂದು ಮೊಳೆಯಿಂದ ಶುರುವಾಗುವ ಕೆಲಸ ಇದು. ಗೋಡೆಗೆ ಅಂಟುಪಟ್ಟಿ ಹಚ್ಚಿ ಬಲೂನು ಕಟ್ಟುವವರಿಗೂ ಇದೇ ಉತ್ತರ.

ನಿಮಗೆ ಹೂ ಇಡಲೇಬೇಕೆನಿಸಿದರೆ ಹೊಸ್ತಿಲಿನ ಹೊರಗೆ ಇಡಿ, ರಂಗೋಲಿ ಬೀದಿಯಲ್ಲಿ ಹಾಕಿ. ಊರಿನ ಹೆಣ್ಣುಮಕ್ಕಳು ಹಾಕಿದ ರಂಗೋಲಿಗಿಂತ ಒಳ್ಳೆಯ ಅಲಂಕಾರ ನಮಗೆ ಯಾರಿಗೂ ಬರುವುದಿಲ್ಲ, ಅವರನ್ನೇ ಕೇಳಿಕೊಂಡರೆ ಇನ್ನೂ ಚೆನ್ನ.

ಇನ್ನೊಂದಷ್ಟು ಸಣ್ಣ ವಿಷಯ: ಫ್ಲ್ಯಾಶ್ ಹಾಕಿ ಫೋಟೋ ಬೇಡ. ಹಸ್ತಪ್ರತಿ, ಹಳೇ ಚಿತ್ರಗಳ ಮೇಲೆ ಬಿದ್ದ ಬೆಳಕಿನ ಹಾನಿ ಸೇರುತ್ತಾ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಲ್ಲ. ಎಂಜಲು ಬೆರಳಲ್ಲಿ ಪುಟ ತಿರುಗಿಸುವ ಅಭ್ಯಾಸ ಇದ್ದವರು ಕೈ ಕಟ್ಟಿಕೊಂಡು ನಿಲ್ಲಿ. ಕಬ್ಬಿಣದ ಕುರ್ಚಿಗಳನ್ನು ಒಳಗೆ ಎಳೆಯಬೇಡಿ, ಚಾಪೆ ಸಾಕು.

ಕೇಕ್?

ಬೇಡ. ಒಳಗಂತೂ ತಿನ್ನುವ ಪದಾರ್ಥ ಯಾವುದೂ ಬೇಡ. ಚೂರು ಬಿದ್ದರೆ ಇರುವೆ, ಇರುವೆಯ ಹಿಂದೆ ಜಿರಲೆ, ಇಲಿ. ಇಲಿಗೆ ಕಾಗದವೂ ಒಂದೇ, ಕಡಲೇಬೀಜವೂ ಒಂದೇ. ಪಾನಕ, ನೀರುಮಜ್ಜಿಗೆ, ಕೋಸಂಬರಿ ತರುವವರು ತನ್ನಿ, ಹೊರಗೆ ಹಂಚೋಣ. ಮಾರ್ಚ್ ಬಿಸಿಲಿಗೆ ಅದೇ ಹಿತ.

ಯಾವ ಪದ್ಯ ಓದಲಿ? ನನಗೆ ಹಳಗನ್ನಡ ಬರುವುದಿಲ್ಲ.

ಪು.ತಿ.ನ. ಹಳಗನ್ನಡದ ಕವಿಯಲ್ಲ, ಹೊಸಗನ್ನಡದವರೇ. ಸಂಸ್ಕೃತದ ಪದ ಸ್ವಲ್ಪ ಹೆಚ್ಚು, ವಾಕ್ಯ ಸುತ್ತಿ ಬರುತ್ತದೆ, ಅಷ್ಟೇ. ಕಣ್ಣಲ್ಲಿ ಓದಿದರೆ ಕಷ್ಟ, ಬಾಯಲ್ಲಿ ಓದಿದರೆ ಅರ್ಧ ಕಷ್ಟ ಕರಗುತ್ತದೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಜೊತೆಗೆ ಬರುವ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಗೆಳೆಯ ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಾನೆ. ಅವನಿಗೆ ಸೋಬಾನೆ ಪದದ ಅಭ್ಯಾಸ ಇದೆ, ಲಯ ಎಲ್ಲಿ ನಿಲ್ಲಬೇಕೋ ಅಲ್ಲಿ ಉಸಿರು ತಾನೇ ನಿಲ್ಲುತ್ತದೆ.

ಮೊದಲ ಸಲ ಬರುವವರಿಗೆ ‘ನೆರಳು’ ಕೊಡುತ್ತೇವೆ. ಸಣ್ಣ ಕವಿತೆ. ಮೇಲೆ ಗರುಡ ಹಾರುತ್ತಿದೆ, ಕೆಳಗೆ ಅದರ ನೆರಳು ಓಡುತ್ತಿದೆ. ಶಾಲೆಯಲ್ಲಿ ಕಲಿತ ಬಹಳ ಜನಕ್ಕೆ ಮೊದಲ ಸಾಲುಗಳು ಬಾಯಿಪಾಠ. ಆದರೆ ಕವಿತೆ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೇಳಿದರೆ ತಡವರಿಸುತ್ತಾರೆ. ಅದು ಹೋಗಿ ಮುಟ್ಟುವುದು ಗಾಂಧೀಜಿಯನ್ನು. ಗರುಡ ಎತ್ತ ಹೋದರೆ ನೆರಳೂ ಅತ್ತ. ಅದಕ್ಕೆ ಕಲ್ಲು ಮುಳ್ಳು, ಗುಡಿ ಗುಡಿಸಲು ಎಂಬ ಭೇದವಿಲ್ಲ. ಹರಿಯ ಚಿತ್ತ ಹರಿದತ್ತ ನಡೆಯುವ ಅಂಥದೊಂದು ನೆರಳೇ ಗಾಂಧಿ ಎನ್ನುತ್ತಾರೆ. ಮೇಲುಕೋಟೆಯಲ್ಲಿ ಗರುಡ ಎಂದರೆ ಬರೀ ಹಕ್ಕಿ ಅಲ್ಲ. ವೈರಮುಡಿ ಉತ್ಸವದ ರಾತ್ರಿ ತಿರುನಾರಾಯಣನ ಉತ್ಸವಮೂರ್ತಿ ಚೆಲುವನಾರಾಯಣ ಸ್ವಾಮಿ ಬರುವುದೇ ಗರುಡನ ಮೇಲೆ. ಉತ್ಸವದ ಗರುಡನನ್ನು ಹುಟ್ಟಿದಾಗಿನಿಂದ ನೋಡಿದ ಕಣ್ಣು ಆಕಾಶದ ಗರುಡನನ್ನು ಬಿಟ್ಟು ನೆಲದ ಮೇಲಿನ ನೆರಳನ್ನು ಹಿಂಬಾಲಿಸಿತಲ್ಲ, ಅದನ್ನು ನಾವು ರಾಯಗೋಪುರದ ಬಂಡೆಯ ಮೇಲೆ ನಿಂತು ಓದುತ್ತೇವೆ. ಅಲ್ಲಿ ಸುತ್ತ ಬಯಲು, ಹದ್ದು ಗಿಡುಗ ಹಾರುವುದು ಅಪರೂಪವೇನಲ್ಲ. ಕಂಡರೆ ಸಂತೋಷ, ಕಾಣದಿದ್ದರೂ ಕವಿತೆ ನಿಲ್ಲುತ್ತದೆ.

ಬೆಟ್ಟದ ಬುಡದಲ್ಲಿ ‘ಮಲೆದೇಗುಲ’ ಸಂಕಲನದಿಂದ ಓದುತ್ತೇವೆ. ಗದ್ಯವೇ ಇಷ್ಟ ಎನ್ನುವವರಿಗೆ ‘ಈಚಲು ಮರದ ಕೆಳಗೆ’, ‘ರಾಮಾಚಾರಿಯ ನೆನಪು’ ಇವೆ. ಪು.ತಿ.ನ. ಎಂದರೆ ಗಂಭೀರ, ಭಕ್ತಿ ಎಂದು ದೂರ ನಿಂತವರು ಈ ಪ್ರಬಂಧಗಳಿಂದ ಒಳಗೆ ಬಂದರೆ ಸುಲಭ. ‘ಶ್ರೀಹರಿಚರಿತೆ’ಯಿಂದ ಯಾರಾದರೂ ಒಂದು ಭಾಗವನ್ನು ಮನೆಯಲ್ಲಿ ನಾಲ್ಕು ಸಲ ಓದಿಕೊಂಡು ಬಂದರೆ ಅವರಿಗೆ ಮೊದಲ ಮಜ್ಜಿಗೆ.

ಒಂದು ವಿನಂತಿ: ಫೋನಿನಲ್ಲಿ ಸಿಕ್ಕ ಪಾಠ ನಂಬಬೇಡಿ. ಅಂತರ್ಜಾಲದಲ್ಲಿ ಓಡಾಡುವ ಪದ್ಯಗಳಲ್ಲಿ ಸಾಲು ತಪ್ಪಿ, ಅಕ್ಷರ ಬಿದ್ದು, ಛಂದಸ್ಸು ಕುಂಟುತ್ತಿರುತ್ತದೆ. ಗ್ರಂಥಾಲಯದಿಂದ ಪುಸ್ತಕ ತಂದು ಪುಟ ನೋಡಿಯೇ ಓದಿ.

ಹಾಡಬಹುದಾ? ನಮ್ಮ ಅತ್ತಿಗೆಗೆ ಶಾಸ್ತ್ರೀಯ ಸಂಗೀತ ಬರುತ್ತೆ.

ಕರೆದುಕೊಂಡು ಬನ್ನಿ! ‘ಗೋಕುಲ ನಿರ್ಗಮನ’, ‘ಅಹಲ್ಯೆ’ ಹಾಡಲಿಕ್ಕೆಂದೇ ಬರೆದ ಗೀತನಾಟಕಗಳು. ಪು.ತಿ.ನ. ಅವರಿಗೆ ರಾಗದ ಜ್ಞಾನ ಚೆನ್ನಾಗಿತ್ತು, ಮಾತಿನ ಜೊತೆಗೇ ರಾಗವನ್ನೂ ಕಲ್ಪಿಸಿಕೊಂಡು ಬರೆಯುತ್ತಿದ್ದರು. ಕೃಷ್ಣ ಗೋಕುಲ ಬಿಟ್ಟು ಮಥುರೆಗೆ ಹೊರಡುವ ಪ್ರಸಂಗವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದಾಗ ನೋಡಿದವರು ಇವತ್ತಿಗೂ ಅದರ ಹಾಡು ಗುನುಗುತ್ತಾರೆ. ಮೈಕ್ ಇಲ್ಲದೆ, ಒಂದು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿದರೆ ಮನೆಯ ಒಳಗೂ ಚೆಂದ. ಕಲ್ಯಾಣಿಯ ಸುತ್ತಲಿನ ಮಂಟಪಗಳಲ್ಲಿ ಇನ್ನೂ ಚೆಂದ, ಆದರೆ ಅಲ್ಲಿ ಸ್ನಾನ ಮಾಡುವವರು, ಮುಡಿ ಕೊಟ್ಟು ಬಂದವರು, ಮದುವೆ ಫೋಟೋದವರು ಎಲ್ಲ ಇರುತ್ತಾರೆ. ಅವರಿಗೆ ತೊಂದರೆಯಾಗದ ಮೂಲೆ ಹುಡುಕಬೇಕು. ದೇವಸ್ಥಾನದ ಮಂಟಪಗಳಲ್ಲಿ ಗುಂಪಾಗಿ ಕೂರುವುದಾದರೆ ದೇವಸ್ಥಾನದವರನ್ನು ಮೊದಲೇ ಕೇಳಿ.

ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರೆ ತಪ್ಪೇನು? ಪದ್ಯ ಎಲ್ಲರಿಗೂ ತಲುಪುತ್ತದಲ್ಲ?

ತಲುಪುತ್ತದೆ, ಆದರೆ ಕಾನೂನು ಒಂದಿದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪು.ತಿ.ನ. ತೀರಿಕೊಂಡದ್ದು 1998ರಲ್ಲಿ, ಅಂದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2058ರ ಕೊನೆಯವರೆಗೆ ವಾರಸುದಾರರದ್ದು. ಪ್ರಕಟವಾದ ಕೃತಿಯ ಒಂದಿಷ್ಟು ಭಾಗವನ್ನು ಸಭೆಯಲ್ಲಿ ಓದುವುದಕ್ಕೆ ಕಾನೂನೇ ಅವಕಾಶ ಕೊಟ್ಟಿದೆ. ಟಿಕೆಟ್ ಇಲ್ಲದೆ ಹವ್ಯಾಸಿಗಳು ಆಡುವ ನಾಟಕಕ್ಕೂ ವಿನಾಯಿತಿ ಇದೆ. ಇಡೀ ಕವಿತೆಯನ್ನು, ಇಡೀ ಗೀತನಾಟಕವನ್ನು ಧ್ವನಿಮುದ್ರಿಸಿ ಶಾಶ್ವತವಾಗಿ ಪ್ರಕಟಿಸುವುದು ಬೇರೆ ಮಾತು, ಅದಕ್ಕೆ ಅನುಮತಿ ಪಡೆಯಬೇಕು. ಪುಟಗಳನ್ನು ಫೋಟೋ ಹೊಡೆದು ಗುಂಪಿಗೆ ಹಾಕುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಮನೆಯೊಳಗೆ ಚಿತ್ರೀಕರಣಕ್ಕೆ ಅಲ್ಲಿಯವರ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ಕಾನೂನು ಬಿಡಿ, ಹತ್ತು ಜನ ಕೂತು ಕೇಳುವಾಗ ಆರು ಜನ ಫೋನ್ ಎತ್ತಿ ಹಿಡಿದಿದ್ದರೆ ಓದುವವರಿಗೆ ಮುಖಗಳೇ ಕಾಣುವುದಿಲ್ಲ.

ನಮ್ಮ ಯಜಮಾನ್ರಿಗೆ ಮಂಡಿನೋವು. ಬೆಟ್ಟ ಹತ್ಲೇಬೇಕಾ?

ಇಲ್ಲಮ್ಮ, ಯಾರಿಗೂ ಕಡ್ಡಾಯವಿಲ್ಲ. ಯೋಗನರಸಿಂಹ ಸ್ವಾಮಿಯ ಬೆಟ್ಟಕ್ಕೆ ನೂರಾರು ಮೆಟ್ಟಿಲಿವೆ, ಮಾರ್ಚ್‌ನಲ್ಲಿ ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ, ಬರಿಗಾಲಲ್ಲಿ ಕಷ್ಟ. ಕಲ್ಯಾಣಿಯ ದಂಡೆಯಲ್ಲಿ ಕೂತರೆ ಬೆಟ್ಟ ಪೂರ್ತಿ ಕಾಣುತ್ತದೆ, ಯಜಮಾನ್ರು ಅಲ್ಲಿ ನೆರಳಲ್ಲಿ ಕೂತಿರಲಿ. ಹತ್ತುವವರು ಬೆಳಿಗ್ಗೆಯೇ ಹತ್ತಿ ಇಳಿಯಿರಿ. ಕೋತಿಗಳ ಬಗ್ಗೆ ಎಚ್ಚರ: ಪ್ಲಾಸ್ಟಿಕ್ ಚೀಲ ಕಂಡರೆ ಅವು ಬಿಡುವುದಿಲ್ಲ, ಒಳಗೆ ಬಾಳೆಹಣ್ಣಿದೆಯೋ ಕವನಸಂಕಲನವಿದೆಯೋ ಎಂದು ಕೇಳುವುದೂ ಇಲ್ಲ. ಗ್ರಂಥಾಲಯದ ಪುಸ್ತಕ ಬಟ್ಟೆಯ ಚೀಲದಲ್ಲಿ, ಹೆಗಲಿಗೆ ಅಡ್ಡಲಾಗಿ.

ವೈರಮುಡಿ ಹೊತ್ತಿಗೇ ಬಂದರೆ ಎರಡೂ ಆಗುತ್ತಲ್ಲ?

ಆಗುತ್ತದೆ ಎಂದು ಹೇಳುವುದು ಸುಲಭ. ವೈರಮುಡಿ ಫಾಲ್ಗುಣದ ಉತ್ಸವ, ಇಂಗ್ಲಿಷ್ ತಾರೀಖಿನಲ್ಲಿ ಮಾರ್ಚ್ ಮಧ್ಯದಿಂದ ಏಪ್ರಿಲ್ ಮೊದಲ ವಾರದೊಳಗೆ ಎಲ್ಲಾದರೂ ಬೀಳುತ್ತದೆ. ಮಂಡ್ಯದ ಖಜಾನೆಯಲ್ಲಿಟ್ಟ ವೈರಮುಡಿ ಎಂಬ ವಜ್ರದ ಕಿರೀಟ ಪೊಲೀಸ್ ಕಾವಲಿನಲ್ಲಿ ದಾರಿಯುದ್ದಕ್ಕೂ ಪೂಜೆ ಸ್ವೀಕರಿಸುತ್ತಾ ಬೆಟ್ಟಕ್ಕೆ ಬರುತ್ತದೆ, ರಾತ್ರಿ ಸೇವೆ. ಲಕ್ಷಗಟ್ಟಲೆ ಜನ. ಅವತ್ತು ಊರಿನಲ್ಲಿ ಕಾಲಿಡಲು ಜಾಗವಿಲ್ಲ, ವಾಹನಗಳನ್ನು ದೂರದಲ್ಲೇ ತಡೆಯುತ್ತಾರೆ. ಪದ್ಯ ಓದುವ ದಿನ ಅದಲ್ಲ. ಆದರೆ ಪು.ತಿ.ನ. ಅವರನ್ನು ಗಂಭೀರವಾಗಿ ಓದುವ ಆಸೆ ಇದ್ದರೆ ಜೀವನದಲ್ಲಿ ಒಮ್ಮೆ ವೈರಮುಡಿಯನ್ನೂ ನೋಡಿ, ಬೇರೆಯಾಗಿ ಬಂದು ನೋಡಿ. ದೀಪದ ಬೆಳಕು, ಜನರ ಕೂಗು, ಆ ಒಂದು ಮುಖಕ್ಕಾಗಿ ಕತ್ತು ಚಾಚಿ ನಿಂತವರು: ದರ್ಶನ ಎಂಬುದು ಅವರ ಬರವಣಿಗೆಯಲ್ಲಿ ಯಾಕೆ ಅಷ್ಟು ಮುಖ್ಯವಾಯಿತು ಎಂಬುದಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

17ನೇ ತಾರೀಖು ವೈರಮುಡಿಯ ಹಿಂದುಮುಂದಾದ ವರ್ಷ ನಾವು ಓದನ್ನು ಮುಂದಕ್ಕೆ ಹಾಕುತ್ತೇವೆ, ಗುಂಪಿನಲ್ಲಿ ತಿಳಿಸುತ್ತೇವೆ.

ನನಗೆ ದೇವರು ದಿಂಡರಲ್ಲಿ ನಂಬಿಕೆ ಇಲ್ಲ. ನಾನು ಬಂದರೆ ಹೊಂದುತ್ತದೆಯೇ?

ಬಳಗದಲ್ಲಿ ನಿಮ್ಮಂಥವರು ಇದ್ದಾರೆ, ನಾಮ ಹಚ್ಚಿಕೊಂಡು ಬರುವವರೂ ಇದ್ದಾರೆ, ಊಟಕ್ಕೆ ಒಟ್ಟಿಗೇ ಕೂರುತ್ತಾರೆ. ಪು.ತಿ.ನ. ಭಕ್ತರು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಹಾಗೆಂದು ಅವರ ಕಾವ್ಯ ಭಕ್ತರಿಗೆ ಮಾತ್ರ ಎಂದರೆ ಅದು ಅನ್ಯಾಯ. ‘ಅಹಲ್ಯೆ’ ಓದಿ ನೋಡಿ. ಶಾಪದ ಕಥೆಯನ್ನು ಬರೀ ಪಾಪ, ಶಿಕ್ಷೆ ಎಂದು ಮುಗಿಸದೆ ಆ ಹೆಣ್ಣಿನ ಮನಸ್ಸಿಗೆ ಇಳಿದು ಬರೆದಿದ್ದಾರೆ. ಒಪ್ಪದಿದ್ದರೆ ವಾದ ಮಾಡಿ, ವಾದ ಮಾಡುವವರು ಬಂದ ವರ್ಷ ಓದು ಹೆಚ್ಚು ಕಳೆಗಟ್ಟುತ್ತದೆ.

ಬರುವುದು ಹೇಗೆ? ಊಟ?

ಮೇಲುಕೋಟೆ ಇರುವುದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನಲ್ಲಿ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾರಿ. ಮೈಸೂರು, ಮಂಡ್ಯ, ಪಾಂಡವಪುರದಿಂದ ಸರ್ಕಾರಿ ಬಸ್ಸುಗಳಿವೆ. ಬೆಂಗಳೂರಿನವರು ರೈಲಿನಲ್ಲಿ ಬಂದು ಮಂಡ್ಯದಲ್ಲೋ ಪಾಂಡವಪುರದಲ್ಲೋ ಇಳಿದು ಬಸ್ಸು ಹಿಡಿಯಬಹುದು. ಸಂಜೆ ವಾಪಸು ಹೋಗುವ ಬಸ್ಸಿನ ಸಮಯವನ್ನು ಇಳಿದ ಕೂಡಲೇ ಕಂಡಕ್ಟರ್ ಬಳಿಯೇ ಕೇಳಿಕೊಳ್ಳಿ.

ಊಟಕ್ಕೆ ಪುಳಿಯೋಗರೆ, ಸಕ್ಕರೆ ಪೊಂಗಲ್ ಸಿಗುತ್ತದೆ. ಮೇಲುಕೋಟೆಗೆ ಬಂದು ಬೇರೆ ಏನಾದರೂ ಕೇಳುವವರ ಜೊತೆ ವಾದ ಬೇಡ. ಎಲೆ, ದೊನ್ನೆ, ನೀರಿನ ಬಾಟಲಿ ಕೊಳದ ಬಳಿ ಬಿಡಬೇಡಿ.

ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಬರಬಹುದು, ಬರಲೇಬೇಕು. ಕಷ್ಟವೇನೆಂದರೆ ಮಾರ್ಚ್ ಪರೀಕ್ಷೆಯ ತಿಂಗಳು, ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಪುಸ್ತಕ ಬಿಟ್ಟು ಏಳುವಂತಿಲ್ಲ. ಕವಿ ಜೂನ್‌ನಲ್ಲಿ ಹುಟ್ಟಬಾರದಿತ್ತೇ ಎಂದು ಮೇಷ್ಟ್ರೊಬ್ಬರು ಪ್ರತಿ ವರ್ಷ ಗೊಣಗುತ್ತಾರೆ. ಸಣ್ಣ ತರಗತಿಯವರು ಬರುತ್ತಾರೆ. ಅವರಿಗೆ ‘ನೆರಳು’ ಹೇಳಿಕೊಟ್ಟು ಬಿಸಿಲಲ್ಲಿ ತಮ್ಮ ತಮ್ಮ ನೆರಳಿನ ಹಿಂದೆ ಓಡಲು ಬಿಟ್ಟರೆ ಸಾಕು. ಮನೆಯೊಳಗೆ ಮಾತ್ರ ದೊಡ್ಡವರ ಕೈ ಹಿಡಿದಿರಲಿ. ಕೊಳಗಳ ಮೆಟ್ಟಿಲು ಪಾಚಿಗಟ್ಟಿರುತ್ತದೆ, ಕಣ್ಣಿಟ್ಟಿರಿ.

ನಮ್ಮ ತಾತನ ಹತ್ತಿರ ಪು.ತಿ.ನ. ಬರೆದ ಕಾಗದ, ಒಂದು ಹಳೇ ಫೋಟೋ ಇದೆ. ಅಲ್ಲಿ ಕೊಡಬಹುದಾ?

ದಯವಿಟ್ಟು ಹುಟ್ಟುಹಬ್ಬದ ಗಲಾಟೆಯಲ್ಲಿ ಯಾರದೋ ಕೈಗೆ ಕೊಟ್ಟು ಹೋಗಬೇಡಿ. ಸ್ಮಾರಕ ನೋಡಿಕೊಳ್ಳುವವರನ್ನು ಬೇರೆ ದಿನ ಕಂಡು, ಏನು ಕೊಟ್ಟಿರಿ ಎಂಬುದಕ್ಕೆ ಬರಹದಲ್ಲಿ ರಸೀತಿ ಪಡೆದು ಕೊಡಿ. ಅದಕ್ಕೂ ಮೊದಲು ಮನೆಯಲ್ಲಿ ಮಾಡಬೇಕಾದ್ದು: ಕಾಗದ, ಫೋಟೋ ಎರಡರ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಫೋಟೋದಲ್ಲಿ ಯಾರಿದ್ದಾರೆ, ಎಲ್ಲಿ, ಯಾವಾಗ ಎಂದು ತಾತನನ್ನು ಕೇಳಿ, ಹಿಂಬದಿಯ ಅಂಚಿನಲ್ಲಿ ಮೆತ್ತಗೆ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ. ತಾತ ಇರುವಾಗಲೇ ಕೇಳಿ.

ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿಸುತ್ತಾರೆ, ಆದರೆ ಬಿಸಿ, ಅಂಟು ಎರಡೂ ಸೇರಿ ಕಾಗದವನ್ನು ಮತ್ತೆ ಬಿಡಿಸಲಾಗದ ಹಾಗೆ ಮಾಡುತ್ತವೆ. ಹರಿದಿದ್ದರೆ ಅಂಟುಪಟ್ಟಿಯೂ ಬೇಡ, ಕೆಲವೇ ವರ್ಷದಲ್ಲಿ ಅದು ಹಳದಿಯಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಮಡಿಕೆ ಬಿಡಿಸಿ, ಬಿಳಿ ಕಾಗದದ ನಡುವೆ ಚಪ್ಪಟೆಯಾಗಿಟ್ಟು, ಬೀರುವಿನಲ್ಲಿ ಗೋಡೆಗೆ ತಾಗದ ಹಾಗೆ ಇಡಿ.

ನಮ್ಮ ಕಡೆಯ ಕವಿಗೂ ಹೀಗೆ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಮಂಡ್ಯ ಜಿಲ್ಲೆಯಲ್ಲಿ ಇದ್ದುಕೊಂಡು ಕವಿ ಸಿಗಲಿಲ್ಲ ಎನ್ನುವ ಹಾಗಿಲ್ಲ. ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು, ಅವರು ಹುಟ್ಟಿದ್ದು 1915ರ ಜನವರಿ 26. ಗಣರಾಜ್ಯೋತ್ಸವದ ಧ್ವಜಾರೋಹಣ ಮುಗಿದ ಮೇಲೆ ಇಡೀ ದಿನ ರಜೆ ಇರುತ್ತದೆ, ಹೊಯ್ಸಳರ ಬ್ರಹ್ಮೇಶ್ವರ ಗುಡಿಯೂ ಅಲ್ಲೇ ಇದೆ. ‘ಮೈಸೂರ ಮಲ್ಲಿಗೆ’ ಯಾರ ಮನೆಯಲ್ಲಿ ಇಲ್ಲ? ದೂರ ಹೋಗುವ ಮನಸ್ಸಿದ್ದರೆ ಕುವೆಂಪು ಹುಟ್ಟಿದ ದಿನ ಡಿಸೆಂಬರ್ 29ಕ್ಕೆ ಕುಪ್ಪಳಿಯ ಕವಿಮನೆ, ಬೇಂದ್ರೆಯವರು ಹುಟ್ಟಿದ ದಿನ ಜನವರಿ 31ಕ್ಕೆ ಧಾರವಾಡದ ಸಾಧನಕೇರಿ. ಅಲ್ಲಿ ವ್ಯವಸ್ಥೆ ದೊಡ್ಡದು, ಜನವೂ ಹೆಚ್ಚು.

ಶುರುಮಾಡಲು ಮೂರು ಜನ ಸಾಕು. ಮನೆ ಉಳಿದಿದ್ದರೆ ಅದರಲ್ಲಿ ಈಗ ಯಾರಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ. ವಾಸದ ಮನೆಯಾದರೆ ಬಾಗಿಲು ತಟ್ಟಬೇಡಿ, ಅವರಿಗೆ ಅದು ಸ್ಮಾರಕವಲ್ಲ, ಸಂಸಾರ. ಮನೆ ಉಳಿದಿಲ್ಲವಾದರೆ ಕೆರೆ ಏರಿಯೋ ಶಾಲೆಯ ಅಂಗಳವೋ ಆದೀತು. ದೇಣಿಗೆ ಎತ್ತಬೇಡಿ, ದುಡ್ಡು ಬಂದರೆ ವೇದಿಕೆ ಬರುತ್ತದೆ, ವೇದಿಕೆ ಬಂದರೆ ಅದರ ಮೇಲೆ ಕೂರಲು ಜನ ಬರುತ್ತಾರೆ. ಯಾರು ಯಾವ ಪದ್ಯ ಓದುತ್ತಾರೆ ಎಂದು ಒಂದು ವಾರ ಮುಂಚೆ ಹಂಚಿಕೊಳ್ಳಿ, ಇಲ್ಲದಿದ್ದರೆ ಐದು ಜನ ಒಂದೇ ಪದ್ಯ ತರುತ್ತಾರೆ. ಹಾಗೆ ತಂದರೂ ಐವರೂ ಓದಲಿ, ಕೇಳಿಸಿಕೊಳ್ಳಿ.